ಮನಸ್ಸಿನ ಸಮೀಕ್ಷೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಎಂ.ಎ., ಎಂ.ಎಸ್.ಡಬ್ಲ್ಯೂ., ಬಿ.ಎಡ್. ಪ್ರಾಜೆಕ್ಟ್‌ಗಳ ಹೊತ್ತು ಇದು. ಮನಃಶಾಸ್ತ್ರದ ಸಮೀಕ್ಷೆಗಳ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಕಾಲೇಜು ವಿದ್ಯಾರ್ಥಿಗಳಲ್ಲಿ ಮೊಬೈಲ್ ಬಳಕೆ ಮತ್ತು ಮಾನಸಿಕ ಒತ್ತಡ ನನ್ನ ವಿಷಯ. 62 ಪ್ರಶ್ನೆಗಳ ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪ್‌ಗಳಿಗೆ ಹಾಕಿದೆ. 412 ಉತ್ತರ ಬಂದಿವೆ. 385 ಇದ್ದರೆ ಸಾಕು ಎಂದು ಓದಿದ್ದೆ. ವಿಶ್ಲೇಷಣೆ ಶುರು ಮಾಡಬಹುದೇ?
— ಎಂ.ಎ. ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಸ್ವಲ್ಪ ತಡೆಯಿರಿ. 385 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಮೊದಲು ನೋಡೋಣ. ಒಂದು ಗುಂಪಿನಲ್ಲಿ ಶೇಕಡಾ ಎಷ್ಟು ಜನ ಹೀಗಿದ್ದಾರೆ ಎಂದು ಅಂದಾಜು ಮಾಡಬೇಕು, ಶೇಕಡಾವಾರಿನಲ್ಲಿ 5 ಅಂಕದಷ್ಟು ಹೆಚ್ಚುಕಡಿಮೆ ಆದರೆ ನಡೆಯುತ್ತದೆ, ಶೇ. 95ರ ಭರವಸೆ ಬೇಕು ಎಂದಾಗ ಬಳಸುವ ಸೂತ್ರದ ಫಲ ಅದು: 1.96ರ ವರ್ಗವನ್ನು 0.5 × 0.5ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ 384.16. ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ. ಗುಂಪಿನ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಸಮನಾಗಿರಬೇಕು. ನಿಮ್ಮ ಲಿಂಕ್ ತಲುಪಿದ್ದು ನಿಮ್ಮ ಗೆಳತಿಯರ ಗ್ರೂಪ್‌ಗಳಿಗೆ. ಅದರಲ್ಲೂ 62 ಪ್ರಶ್ನೆ ತುಂಬುವ ತಾಳ್ಮೆಯಿದ್ದವರು ಮಾತ್ರ ಉತ್ತರಿಸಿದ್ದಾರೆ. ಮೊಬೈಲನ್ನೇ ಹೆಚ್ಚು ಹಿಡಿಯದ ವಿದ್ಯಾರ್ಥಿಗೆ ಲಿಂಕ್ ಕಾಣಿಸಿಯೇ ಇರಲಿಕ್ಕಿಲ್ಲ, ನಿಮ್ಮ ಸಂಶೋಧನೆಗೆ ಬೇಕಾದವರಲ್ಲಿ ಅವನೂ ಒಬ್ಬ. 412ರ ಬದಲು 4,000 ಉತ್ತರ ಬಂದರೂ ಈ ದೋಷ ಹೋಗುವುದಿಲ್ಲ.

ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು 1 ಕೋಟಿ ಕಾರ್ಡ್ ಕಳಿಸಿ, 23 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಆದರೆ 48 ರಾಜ್ಯಗಳಲ್ಲಿ 46 ಅವರ ಎದುರಾಳಿ ರೂಸ್‌ವೆಲ್ಟ್ ಪಾಲಾದವು. ಹೆಸರುಗಳನ್ನು ಟೆಲಿಫೋನ್ ಮತ್ತು ಕಾರು ಮಾಲೀಕರ ಪಟ್ಟಿಗಳಿಂದ ತೆಗೆದಿದ್ದರು, ಕಾರ್ಡ್ ವಾಪಸ್ ಕಳಿಸಿದವರೂ ಕಳಿಸದವರೂ ಒಂದೇ ಬಗೆಯವರಾಗಿರಲಿಲ್ಲ. ನಿಮ್ಮ ಫಾರ್ಮ್‌ನಲ್ಲೂ ಇದೇ ಎರಡು ತೊಂದರೆಗಳಿವೆ.

ಹಾಗಾದರೆ ಏನು ಮಾಡಬೇಕು? ಸಮಯವಿದ್ದರೆ ಒಂದು ಕಾಲೇಜನ್ನು ಗಟ್ಟಿಯಾಗಿ ಹಿಡಿಯಿರಿ. ಅಲ್ಲಿ 1,200 ವಿದ್ಯಾರ್ಥಿಗಳಿದ್ದಾರೆ ಎನ್ನೋಣ. ಗುಂಪು ಚಿಕ್ಕದಾದ್ದರಿಂದ ಸೂತ್ರವನ್ನು ಸರಿಪಡಿಸಿದರೆ 292 ಸಾಕು. ಐವರಲ್ಲಿ ಒಬ್ಬರು ಉತ್ತರಿಸುವುದಿಲ್ಲ ಎಂದು ಹಿಡಿದರೆ 365 ಜನರನ್ನು ಕೇಳಬೇಕು. ಪ್ರಾಂಶುಪಾಲರ ಅನುಮತಿ ಪಡೆದು ಹಾಜರಿ ಪುಸ್ತಕಗಳನ್ನು ಒಂದರ ಕೆಳಗೊಂದು ಜೋಡಿಸಿ, 1ರಿಂದ 3ರೊಳಗೆ ಒಂದು ಚೀಟಿ ಎತ್ತಿ, ಅಲ್ಲಿಂದ ಪ್ರತಿ 3ನೆಯ ಹೆಸರು ತೆಗೆಯಿರಿ. 400 ಹೆಸರು ಸಿಗುತ್ತವೆ. ಆಯ್ಕೆಯಾದವರು ಅಂದು ಬಂದಿಲ್ಲ ಎಂದು ಪಕ್ಕದವರನ್ನು ಕೂರಿಸಬೇಡಿ. ಎರಡು ಬಾರಿ ಮತ್ತೆ ಹೋಗಿ, ಆಗಲೂ ಸಿಗದವರು ಎಷ್ಟು ಎಂದು ವರದಿಯಲ್ಲಿ ಬರೆಯಿರಿ. ತರಗತಿಗೆ ಗೈರಾಗುವವರಲ್ಲೇ ಒತ್ತಡ ಹೆಚ್ಚಿರಬಹುದು ಎಂಬುದನ್ನು ಮರೆಯಬಾರದು.

ಹೆಸರು ತೆಗೆಯುವ ಬದಲು ಇಡೀ ತರಗತಿಗಳನ್ನೇ ತೆಗೆದುಕೊಂಡರೆ ಕೆಲಸ ಹಗುರ, ಆದರೆ ಒಂದೇ ತರಗತಿಯವರು ಒಬ್ಬರಿಗೊಬ್ಬರು ಹೋಲುತ್ತಾರೆ. ತರಗತಿಗೆ 20 ಜನ, ಹೋಲಿಕೆಯ ಗುಣಾಂಕ 0.05 ಎಂದಿದ್ದರೆ ವಿನ್ಯಾಸದ ಪರಿಣಾಮ (ಮಾದರಿ ಎಷ್ಟು ಪಟ್ಟು ದೊಡ್ಡದಿರಬೇಕು ಎಂಬ ಲೆಕ್ಕ) 1 + 19 × 0.05, ಅಂದರೆ 1.95. ನಿಮ್ಮ 400 ಉತ್ತರಗಳ ಬೆಲೆ ಸುಮಾರು 205ಕ್ಕೆ ಇಳಿಯುತ್ತದೆ.

ಸಮಯವಿಲ್ಲದಿದ್ದರೆ ಬಂದ 412ನ್ನೇ ಬಳಸಿ, ಆದರೆ ‘ವಿಜಯಪುರದ ವಿದ್ಯಾರ್ಥಿಗಳಲ್ಲಿ ಶೇಕಡಾ ಇಷ್ಟು’ ಎಂದು ಬರೆಯಬೇಡಿ. ಎರಡು ಅಂಶಗಳ ನಡುವೆ ಸಂಬಂಧವಿದೆಯೇ ಎಂದು ನೋಡಬಹುದು. 0.3ರಷ್ಟು ಸಹಸಂಬಂಧ (0 ಎಂದರೆ ಸಂಬಂಧವಿಲ್ಲ, 1 ಎಂದರೆ ಪೂರ್ಣ ಸಂಬಂಧ) ಹಿಡಿಯಲು ಸುಮಾರು 85 ಜನ, 0.2ಕ್ಕೆ ಸುಮಾರು 195 ಜನ ಸಾಕು (ಶೇ. 80ರ ಸಾಮರ್ಥ್ಯ, ಅಂದರೆ ಇರುವ ಸಂಬಂಧ ಕಣ್ಣಿಗೆ ಬೀಳುವ ಸಾಧ್ಯತೆ; 0.05ರ ಮಟ್ಟ, ಅಂದರೆ ಇಲ್ಲದ್ದನ್ನು ಇದೆ ಎನ್ನುವ ಅಪಾಯ ಶೇ. 5). ಇಲ್ಲೂ ಆಯ್ಕೆಯ ದೋಷ ಸಂಬಂಧವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಆದ್ದರಿಂದ ‘ಅನುಕೂಲಕ್ಕೆ ಸಿಕ್ಕ ಮಾದರಿ’ ಎಂದು ಸಾರಾಂಶದಲ್ಲೇ ಹೇಳಿ. ವಿಶ್ಲೇಷಣೆಗೆ ಮುನ್ನ ಒಬ್ಬರೇ ಎರಡು ಸಲ ತುಂಬಿದ ಫಾರ್ಮ್‌ಗಳನ್ನೂ, ಎಲ್ಲಕ್ಕೂ ಒಂದೇ ಆಯ್ಕೆ ಒತ್ತಿದವುಗಳನ್ನೂ ಬೇರ್ಪಡಿಸಿ. ಯಾವ ನಿಯಮದಿಂದ ತೆಗೆದಿರಿ, ಎಷ್ಟು ಹೋದವು ಎಂದು ಬರೆದಿಡಿ.

ಇನ್ನು 62 ಪ್ರಶ್ನೆಗಳ ಮಾತು. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ಪ್ರಶ್ನೆ, ಅದು ಯಾವ ಊಹೆಗೆ ಬೇಕು, ಯಾವ ಕೋಷ್ಟಕದಲ್ಲಿ ಬರುತ್ತದೆ. ಎರಡನೆಯ, ಮೂರನೆಯ ಕಾಲಂ ಖಾಲಿ ಉಳಿದ ಪ್ರಶ್ನೆಗಳನ್ನು ಅಳಿಸಿ. ಈ ಕೆಲಸ ಫಾರ್ಮ್ ಹಂಚುವ ಮೊದಲೇ ಆಗಬೇಕು. ತಂದೆಯ ಆದಾಯ, ಜಾತಿ, ಮನೆಯ ಕೋಣೆಗಳ ಸಂಖ್ಯೆ ಇವನ್ನೆಲ್ಲ ‘ಇರಲಿ’ ಎಂದು ಕೇಳಿ, ಕೊನೆಗೆ ಎಲ್ಲೂ ಬಳಸದ ವರದಿಗಳು ಬಹಳ. ಉತ್ತರಿಸುವವರ ಸಮಯವನ್ನು ನಾವು ಪುಕ್ಕಟೆ ಪಡೆಯುತ್ತೇವೆ, ಅದನ್ನು ಪೋಲು ಮಾಡುವುದು ತಪ್ಪು.

ಪ್ರಶ್ನೆ: ನಮ್ಮ ಶಾಲೆಯ 9ನೇ ತರಗತಿ ಮಕ್ಕಳ ಪರೀಕ್ಷಾ ಭಯದ ಬಗ್ಗೆ ಬಿ.ಎಡ್. ಪ್ರಾಜೆಕ್ಟ್‌ಗಾಗಿ ಸ್ವತಃ ಪ್ರಶ್ನೆ ಬರೆದಿದ್ದೇನೆ. ನಾಲ್ಕನ್ನು ಕಳಿಸಿದ್ದೇನೆ, ತಿದ್ದಿಕೊಡಿ.
— ಶಿಕ್ಷಕರು, ಜಮಖಂಡಿ

ಉತ್ತರ: ಒಂದೊಂದಾಗಿ ನೋಡೋಣ.

‘ನನಗೆ ಓದುವುದೂ ಶಾಲೆಗೆ ಬರುವುದೂ ಇಷ್ಟ.’ ಗೆಳೆಯರಿಗಾಗಿ ಶಾಲೆಗೆ ಓಡಿ ಬರುವ, ಆದರೆ ಪುಸ್ತಕ ಕಂಡರೆ ಆಗದ ಹುಡುಗ ಇಲ್ಲಿ ಏನು ಗುರುತು ಹಾಕಬೇಕು? ಎರಡು ಹೇಳಿಕೆಗಳಾಗಿ ಒಡೆಯಿರಿ. ವಾಕ್ಯದಲ್ಲಿ ‘ಮತ್ತು’, ‘ಅಥವಾ’, ‘-ಊ … -ಊ’ ಕಂಡಲ್ಲೆಲ್ಲ ಇದೇ ಪರೀಕ್ಷೆ ಮಾಡಿ.

‘ಒಳ್ಳೆಯ ವಿದ್ಯಾರ್ಥಿಗಳು ಪರೀಕ್ಷೆಗೆ ಹೆದರುವುದಿಲ್ಲ ಎಂದರೆ ನೀವು ಒಪ್ಪುವುದಿಲ್ಲವೇ?’ ಇದರಲ್ಲಿ ಎರಡು ‘ಇಲ್ಲ’ ಇವೆ. ಮಗು ‘ಹೌದು’ ಎಂದರೆ ಒಪ್ಪಿತೋ ಇಲ್ಲವೋ ತಿಳಿಯದು. ಅದಕ್ಕಿಂತ ಕೆಟ್ಟದ್ದು ‘ಒಳ್ಳೆಯ ವಿದ್ಯಾರ್ಥಿಗಳು’ ಎಂಬ ಮಾತು. ತಾನು ಹೆದರುತ್ತೇನೆ ಎಂದು ಬರೆದರೆ ಕೆಟ್ಟ ವಿದ್ಯಾರ್ಥಿ ಎಂದಂತಾಯಿತು. ಅದೂ ಪ್ರಶ್ನೆ ಕೇಳುತ್ತಿರುವವರು ಅಂಕ ಕೊಡುವ ಮೇಷ್ಟ್ರು! ‘ಪರೀಕ್ಷೆಯ ಹಿಂದಿನ ರಾತ್ರಿ ನನಗೆ ನಿದ್ದೆ ಬರುವುದು ಕಷ್ಟವಾಗುತ್ತದೆ’ ಎಂದು ನಡೆದದ್ದನ್ನು ಕೇಳಿ, ಹೆಸರು ಬರೆಸಬೇಡಿ, ಫಾರ್ಮ್ ಹಂಚುವ ಕೆಲಸವನ್ನು ಆ ತರಗತಿಗೆ ಪಾಠ ಮಾಡದವರಿಗೆ ಕೊಡಿ.

‘ನೀವು ಆಗಾಗ ಟೆನ್ಶನ್ ಮಾಡಿಕೊಳ್ಳುತ್ತೀರಾ?’ ಒಬ್ಬನಿಗೆ ‘ಆಗಾಗ’ ಎಂದರೆ ದಿನಾ, ಇನ್ನೊಬ್ಬಳಿಗೆ ತಿಂಗಳಿಗೊಮ್ಮೆ. ‘ಮಾಡಿಕೊಳ್ಳುವುದು’ ಎಂದಾಗ ತಪ್ಪು ಮಗುವಿನದೇ ಎಂಬ ಧ್ವನಿ ಬರುತ್ತದೆ. ‘ಕಳೆದ 7 ದಿನಗಳಲ್ಲಿ ಎಷ್ಟು ದಿನ ಪರೀಕ್ಷೆಯ ಚಿಂತೆಯಿಂದ ಓದಲು ಆಗಲಿಲ್ಲ?’ ಎಂದು ಕೇಳಿ, 0ಯಿಂದ 7ರವರೆಗೆ ಅಂಕಿ ಬರೆಸಿ.

ನಾಲ್ಕನೆಯದು: ‘ದಿನಕ್ಕೆ ಮೊಬೈಲ್ ಎಷ್ಟು ಹೊತ್ತು? 30 ನಿಮಿಷದೊಳಗೆ / 1 ಗಂಟೆ / 1–2 ಗಂಟೆ / 2 ಗಂಟೆಗಿಂತ ಹೆಚ್ಚು.’ 1 ಗಂಟೆ ಎರಡು ಕಡೆ ಬಂದಿದೆ, 45 ನಿಮಿಷಕ್ಕೆ ಜಾಗವೇ ಇಲ್ಲ. ಇವನ್ನು ಸರಿಪಡಿಸುವುದು ಸುಲಭ, ಆಯ್ಕೆಗಳ ಪಟ್ಟಿಯೇ ಉತ್ತರವನ್ನು ಎಳೆಯುವುದು ಅದಕ್ಕಿಂತ ದೊಡ್ಡ ತೊಂದರೆ. ಜರ್ಮನಿಯಲ್ಲಿ ನಾರ್ಬರ್ಟ್ ಶ್ವಾರ್ಜ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ದಿನಕ್ಕೆ ಎಷ್ಟು ಹೊತ್ತು ಟಿ.ವಿ. ನೋಡುತ್ತಾರೆ ಎಂದು ಕೇಳಿದರು. ‘ಅರ್ಧ ಗಂಟೆಯವರೆಗೆ’ ಎಂದು ಶುರುವಾಗಿ ‘ಎರಡೂವರೆ ಗಂಟೆಗಿಂತ ಹೆಚ್ಚು’ ಎಂದು ಮುಗಿಯುವ ಪಟ್ಟಿ ಕೊಟ್ಟಾಗ ಎರಡೂವರೆ ಗಂಟೆ ದಾಟುತ್ತೇವೆ ಎಂದವರು ಶೇ. 16.2. ‘ಎರಡೂವರೆ ಗಂಟೆಯವರೆಗೆ’ ಎಂದು ಶುರುವಾಗುವ ಪಟ್ಟಿ ಕೊಟ್ಟಾಗ ಶೇ. 37.5. ಪಟ್ಟಿಯ ನಡುವೆ ಇರುವುದೇ ಎಲ್ಲರ ರೂಢಿ ಎಂದು ಓದುವವರು ಊಹಿಸುತ್ತಾರೆ. ಆಯ್ಕೆ ಕೊಡದೆ ‘ನಿನ್ನೆ ಎಷ್ಟು ಗಂಟೆ, ಎಷ್ಟು ನಿಮಿಷ?’ ಎಂದು ಖಾಲಿ ಜಾಗ ಬಿಡಿ. ಭಾನುವಾರದ ಮರುದಿನ ಮಾತ್ರ ಕೇಳಬೇಡಿ.

ತಿದ್ದಿದ ಮೇಲೆ, ನಿಮ್ಮ ಮಾದರಿಯಲ್ಲಿಲ್ಲದ 6–8 ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಪ್ರಶ್ನೆ ಓದಿಸಿ. ‘ಇದರಲ್ಲಿ ಏನು ಕೇಳ್ಯಾರ, ನಿನ್ನ ಮಾತಿನಾಗ ಹೇಳು’ ಎನ್ನಿ. ಮಗು ತಡವರಿಸಿದ ಪದವನ್ನು ಗುರುತು ಹಾಕಿಕೊಳ್ಳಿ. ಅರ್ಧ ದಿನದ ಕೆಲಸ, ಆದರೆ ಅಂಕಿ-ಅಂಶದ ಯಾವ ತಂತ್ರವೂ ತೋರಿಸದ ದೋಷ ಇಲ್ಲಿ ಸಿಗುತ್ತದೆ. ಆಮೇಲೆ ಸುಮಾರು 30 ಮಕ್ಕಳ ಮೇಲೆ ಪೈಲಟ್ (ಮುಖ್ಯ ಸಮೀಕ್ಷೆಗೆ ಮುನ್ನ ಒಂದು ಚಿಕ್ಕ ಪ್ರಯೋಗ) ಮಾಡಿ: ಎಷ್ಟು ನಿಮಿಷ ಬೇಕಾಯಿತು, ಯಾವ ಪ್ರಶ್ನೆ ಖಾಲಿ ಉಳಿಯಿತು, ಯಾವುದಕ್ಕೆ ಎಲ್ಲರೂ ಒಂದೇ ಉತ್ತರ ಕೊಟ್ಟರು ಎಂದು ನೋಡಿ.

ಪ್ರಶ್ನೆ: ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿ ಭಾಗದ ನೇಕಾರ ಕುಟುಂಬಗಳ ಮಾನಸಿಕ ಆರೋಗ್ಯದ ಬಗ್ಗೆ ಮನೆಮನೆಗೆ ಹೋಗಿ ಕೇಳುತ್ತಿದ್ದೇವೆ. ಬಹುತೇಕರು ಏನು ಕೇಳಿದರೂ ‘ಹೌದ್ರೀ’ ಎನ್ನುತ್ತಾರೆ. ಹೆಣ್ಣುಮಕ್ಕಳು ಮಾತೇ ಆಡುವುದಿಲ್ಲ. ಏನು ಮಾಡಬೇಕು?
— ಎಂ.ಎಸ್.ಡಬ್ಲ್ಯೂ. ವಿದ್ಯಾರ್ಥಿಗಳು, ಬಾಗಲಕೋಟೆ

ಉತ್ತರ: ಮನೆ ಬಾಗಿಲಿಗೆ ಬಂದವರಿಗೆ ‘ಇಲ್ಲ’ ಎನ್ನುವುದು ನಮ್ಮ ಕಡೆ ಮರ್ಯಾದೆಯ ಮಾತಲ್ಲ. ಈ ‘ಹೌದ್ರೀ’ಯಲ್ಲಿ ಅಭಿಪ್ರಾಯ ಎಷ್ಟು, ಉಪಚಾರ ಎಷ್ಟು ಎಂದು ಬೇರ್ಪಡಿಸುವುದು ನಿಮ್ಮ ಕೆಲಸ. ಒಪ್ಪುತ್ತೀರಾ, ಇಲ್ಲವಾ ಎಂಬ ಮಾದರಿಯನ್ನು ಆದಷ್ಟು ಬಿಟ್ಟು, ಉತ್ತರದಲ್ಲೇ ಆಯ್ಕೆ ಇರುವಂತೆ ಕೇಳಿ. ‘ಮಗ್ಗದ ಕೆಲಸದಿಂದ ಸಮಾಧಾನ ಐತಿ, ಹೌದಲ್ರೀ?’ ಎಂಬುದರ ಬದಲು ‘ಮಗ್ಗದ ಕೆಲಸದಿಂದ ನಿಮಗ ಎಷ್ಟು ಸಮಾಧಾನ ಐತಿ? ಏನೂ ಇಲ್ಲ, ಸ್ವಲ್ಪ, ಸಾಕಷ್ಟು, ಬಹಳ’ ಎನ್ನಿ. ಓದು ಬಾರದವರಿಗೆ ನಾಲ್ಕು ಆಯ್ಕೆಗೆ ಒಂದಕ್ಕಿಂತ ಒಂದು ಉದ್ದವಾದ ನಾಲ್ಕು ಗೆರೆ ಎಳೆದ ಕಾರ್ಡ್ ತೋರಿಸಿ, ಬೆರಳಿಡಲು ಹೇಳಿ. ನಗುಮುಖ, ಅಳುಮುಖದ ಚಿತ್ರ ಬೇಡ, ಹಿರಿಯರಿಗೆ ಅದು ಮಕ್ಕಳ ಆಟದಂತೆ ಕಾಣುತ್ತದೆ. ಶುರುವಿನಲ್ಲಿ ಒಂದು ಅಭ್ಯಾಸದ ಪ್ರಶ್ನೆ ಕೇಳಿ: ‘ಬ್ಯಾಸಿಗಿ ಬಿಸಿಲು ನಿಮಗ ಎಷ್ಟು ಸೇರ್ತದ?’ ಇದಕ್ಕೂ ‘ಬಹಳ’ ಎಂದರೆ ಕಾರ್ಡ್ ಅರ್ಥವಾಗಿಲ್ಲ ಎಂದು ತಿಳಿದು ಮತ್ತೆ ವಿವರಿಸಿ.

ಹೆಣ್ಣುಮಕ್ಕಳ ಮೌನಕ್ಕೆ ಕಾರಣ ಬಹುಮಟ್ಟಿಗೆ ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎಂಬುದರಲ್ಲಿರುತ್ತದೆ. ಅತ್ತೆಯವರ ಮುಂದೆ ಸೊಸೆಗೆ ‘ಅಳು ಬರ್ತದೇನ್ರೀ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಇಬ್ಬಿಬ್ಬರು ಹೋಗಿ: ಒಬ್ಬರು ಹಿರಿಯರೊಂದಿಗೆ ಮನೆಯ ವಿವರ ಬರೆದುಕೊಳ್ಳಲಿ, ಇನ್ನೊಬ್ಬರು, ಹೆಣ್ಣುಮಗಳೇ ಆಗಿರಬೇಕು, ಒಳಗೆ ಅವರೊಂದಿಗೆ ಕೂರಲಿ. ಯಾರಾದರೂ ಬಂದರೆ ಸಂಸಾರದ ಸಾಮಾನ್ಯ ಪ್ರಶ್ನೆಗೆ ಹೊರಳಬೇಕು ಎಂದು ಮೊದಲೇ ತರಬೇತಿ ಕೊಡಿ. ಸಂದರ್ಶನ ನಡೆದಾಗ ಬೇರೆಯವರು ಇದ್ದರೇ ಎಂದು ಪ್ರತಿ ಫಾರ್ಮ್‌ನ ಕೊನೆಗೆ ಒಂದು ಗುರುತು ಹಾಕಿ, ವಿಶ್ಲೇಷಣೆಯಲ್ಲಿ ಎರಡೂ ಗುಂಪು ಹೋಲಿಸಲು ಬರುತ್ತದೆ.

ಇನ್ನೂ ಒಂದು ವಿಷಯವನ್ನು ಒತ್ತಿ ಹೇಳಬೇಕು. ಮಗ್ಗದ ಮಾಲೀಕರ ಮೂಲಕ ಹೋಗಬೇಡಿ. ಮಾಲೀಕರ ಹತ್ತಿರ ಮುಂಗಡ ಪಡೆದ ಕೂಲಿ ನೇಕಾರರಿಗೆ, ಹೇಳಿದ ಮಾತು ಅಲ್ಲಿಗೇ ಹೋಗುತ್ತದೆ ಎಂಬ ಅನುಮಾನ ಸಹಜ. ಮಾಲೀಕರು ಕೊಡುವ ಪಟ್ಟಿಯಲ್ಲಿ ಕೆಲಸ ಬಿಟ್ಟವರೂ ಇರುವುದಿಲ್ಲ. ಓಣಿಯ ನಕ್ಷೆ ಬರೆದು, ಮನೆಗಳಿಗೆ ನಂಬರು ಹಾಕಿ, ಅದರಿಂದ ಆರಿಸಿ. ‘ನೇಕಾರರು’ ಎಂದರೆ ಯಾರು ಎಂಬುದನ್ನೂ ಮೊದಲೇ ಬರೆದಿಡಿ. ಮಗ್ಗದ ಮೇಲೆ ಕೂರುವವರು ಮಾತ್ರವೇ, ಕಂಡಿಕೆ ಸುತ್ತುವವರೂ ಸೇರುತ್ತಾರೆಯೇ? ಎರಡನೆಯವರನ್ನು ಬಿಟ್ಟರೆ ಹೆಣ್ಣುಮಕ್ಕಳಲ್ಲಿ ದೊಡ್ಡ ಪಾಲೇ ಹೊರಗುಳಿದೀತು. ಒಂದು ಮನೆಯಲ್ಲಿ ಹಲವು ವಯಸ್ಕರಿದ್ದರೆ ಸಿಕ್ಕವರನ್ನೇ ಕೇಳದೆ ಚೀಟಿ ಎತ್ತಿ ಒಬ್ಬರನ್ನು ಆರಿಸಿ, ಅವರು ಸಂತೆಗೆ ಹೋಗಿದ್ದರೆ ಮತ್ತೆ ಹೋಗಿ. ಪವರ್‌ಲೂಮ್ ಓಡುವಾಗ ಮಾತು ಕೇಳಿಸುವುದಿಲ್ಲ, ಮಗ್ಗ ನಿಲ್ಲಿಸಿ ಎಂದರೆ ಕೂಲಿ ಹೋಗುತ್ತದೆ. ಅವರಿಗೆ ಅನುಕೂಲವಾದ ಹೊತ್ತು ಕೇಳಿ, ಆ ಹೊತ್ತಿಗೆ ಹೋಗುವುದೇ ಸರಿ.

ಪ್ರಶ್ನೆ: ಪಿಎಚ್‌ಕ್ಯು-9 ಎಂಬ, ಖಿನ್ನತೆಯ ಲಕ್ಷಣ ಅಳೆಯುವ ಇಂಗ್ಲಿಷ್ ಮಾಪನಿಯನ್ನು ಕನ್ನಡಕ್ಕೂ ಮರಾಠಿಗೂ ನಾನೇ ಅನುವಾದಿಸಿಕೊಂಡರೆ ಆಗುತ್ತದೆಯೇ? ಪಿಯು ವಿದ್ಯಾರ್ಥಿಗಳಿಗೆ ಕೊಡಬೇಕೆಂದಿದ್ದೇನೆ.
— ಪಿಯು ಉಪನ್ಯಾಸಕಿ, ಬೆಳಗಾವಿ

ಉತ್ತರ: ಮೊದಲು ಇರುವುದನ್ನು ಹುಡುಕಿ. ಪಿಎಚ್‌ಕ್ಯು-9ಕ್ಕೆ ಕನ್ನಡ, ಮರಾಠಿ ಎರಡೂ ರೂಪಗಳು ಈಗಾಗಲೇ ಸಿಗುತ್ತವೆ, ಬಳಸಲು ಅನುಮತಿ ಬೇಕಿಲ್ಲ. ಎಲ್ಲ ಮಾಪನಿಗಳೂ ಹೀಗಲ್ಲ. ಹಲವಕ್ಕೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು, ಕೆಲವಕ್ಕೆ ಹಣ ಕೊಡಬೇಕು.

ಇಲ್ಲದ ಮಾಪನಿಯನ್ನು ತರಬೇಕಾದರೆ ಒಬ್ಬರ ಅನುವಾದ ಸಾಲದು. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಲಿ, ಕೂತು ಒಂದು ಒಪ್ಪಿತ ರೂಪಕ್ಕೆ ಬರಲಿ. ಮೂಲ ನೋಡದ ಮೂರನೆಯವರು ಅದನ್ನು ಇಂಗ್ಲಿಷ್‌ಗೆ ಮರಳಿಸಲಿ, ಎಲ್ಲಿ ಅರ್ಥ ಜಾರಿತು ಎಂದು ಸಮಿತಿ ನೋಡಲಿ. ಆಮೇಲೆ ಮೇಲೆ ಹೇಳಿದಂತೆ ಕೆಲವರಿಗೆ ಓದಿಸಿ ನೋಡಿ. ಮರಳಿ ಅನುವಾದ ಸರಿಬಂತು ಎಂದು ನೆಮ್ಮದಿಯಿಂದ ಕೂರಬೇಡಿ. ಪಂಡಿತರ ಕನ್ನಡದ ‘ಖಿನ್ನತೆ’ ಇಂಗ್ಲಿಷ್‌ಗೆ ಚೆನ್ನಾಗಿ ಮರಳುತ್ತದೆ, ಖಾನಾಪುರದ ಹಳ್ಳಿಯ ಹುಡುಗಿಗೆ ಅದು ತಲುಪದಿರಬಹುದು. ಕನ್ನಡ ಮತ್ತು ಮರಾಠಿ ಗುಂಪುಗಳ ಸರಾಸರಿಯನ್ನು ಹೋಲಿಸುವ ಮುನ್ನ ಎರಡೂ ಭಾಷೆಯಲ್ಲಿ ಮಾಪನಿ ಒಂದೇ ರೀತಿ ಅಳೆಯುತ್ತದೆ ಎಂದು ಪರೀಕ್ಷಿಸಬೇಕು. ಇಲ್ಲದಿದ್ದರೆ ಭಾಷೆಯ ವ್ಯತ್ಯಾಸವನ್ನು ಮನಸ್ಸಿನ ವ್ಯತ್ಯಾಸ ಎಂದು ಬರೆದುಬಿಡುತ್ತೀರಿ.

ಇನ್ನು ನಿಮ್ಮ ವಿದ್ಯಾರ್ಥಿಗಳ ವಿಷಯ, ಇದು ಎಲ್ಲಕ್ಕಿಂತ ಮುಖ್ಯ. ಪಿಎಚ್‌ಕ್ಯು-9ರಲ್ಲಿ ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3, ಒಟ್ಟು 27. 10 ಅಥವಾ ಹೆಚ್ಚು ಬಂದವರನ್ನು ಮುಂದಿನ ಪರೀಕ್ಷೆಗೆ ಕಳಿಸುವುದು ರೂಢಿ. ಅದು ರೋಗ ನಿರ್ಧಾರವಲ್ಲ, ಹಾಗೆ ಬರೆಯಲೂಬಾರದು. ಒಂಬತ್ತನೆಯ ಪ್ರಶ್ನೆ ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಹೆಸರಿಲ್ಲದ ಫಾರ್ಮ್‌ನಲ್ಲಿ ಒಬ್ಬ ಹುಡುಗ ಅಲ್ಲಿ 3 ಗುರುತು ಹಾಕಿದ, ನೀವು ಅದನ್ನು ಮೂರು ವಾರ ಬಿಟ್ಟು ಕಂಪ್ಯೂಟರಿಗೆ ಏರಿಸುವಾಗ ನೋಡಿದಿರಿ ಎಂದರೆ ಆಗ ಏನು ಮಾಡುತ್ತೀರಿ? ಈ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದೆ ಸಮೀಕ್ಷೆಗೆ ಇಳಿಯಬಾರದು. ದಾರಿ ಎರಡು. ಒಂಬತ್ತನೆಯದನ್ನು ಬಿಟ್ಟ ಪಿಎಚ್‌ಕ್ಯು-8 ಬಳಸುವುದು ಒಂದು, ನಿಮ್ಮಂಥ ಅಧ್ಯಯನಕ್ಕೆ ಅದು ಸಾಕು. ಒಂಬತ್ತನೆಯದು ಬೇಕೇ ಬೇಕು ಎಂದಾದರೆ ಫಾರ್ಮ್‌ಗೆ ಗುಪ್ತ ನಂಬರು ಹಾಕಿ, ಹೆಸರಿನ ಪಟ್ಟಿಯನ್ನು ಬೀಗದಲ್ಲಿಟ್ಟು, ತುಂಬಿದ ದಿನವೇ ಆ ಪ್ರಶ್ನೆಯನ್ನು ನೋಡಿ, 0 ಅಲ್ಲದ ಪ್ರತಿಯೊಬ್ಬರನ್ನೂ ಅಂದೇ ಆಪ್ತಸಮಾಲೋಚಕರ ಹತ್ತಿರ ಕೂರಿಸಬೇಕು. ಹೀಗೆ ಮಾಡುತ್ತೇವೆ ಎಂದು ಒಪ್ಪಿಗೆ ಪತ್ರದಲ್ಲೇ ಬರೆದಿರಬೇಕು. ಎರಡರಲ್ಲಿ ಯಾವುದಾದರೂ, ಎಲ್ಲರ ಕೈಗೂ ಟೆಲಿ-ಮಾನಸ್ ಸಹಾಯವಾಣಿ 14416 ಇರುವ ಚೀಟಿ ಹೋಗಲಿ. ಅದು ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಪಿಯು ಮಕ್ಕಳಲ್ಲಿ ಹೆಚ್ಚಿನವರು 18 ತುಂಬದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಪೋಷಕರ ಒಪ್ಪಿಗೆಯೂ ಬೇಕು, ಮಗುವಿನ ಸಮ್ಮತಿಯೂ ಬೇಕು. ಪ್ರಾಂಶುಪಾಲರ ಸಹಿ ಇವೆರಡರ ಬದಲಿಗೆ ನಿಲ್ಲುವುದಿಲ್ಲ. ಸಂಸ್ಥೆಯ ನೈತಿಕ ಸಮಿತಿಯ ಮಂಜೂರಾತಿ ಬಂದ ಮೇಲೆಯೇ ಮೊದಲ ಫಾರ್ಮ್ ಹೊರಬೀಳಬೇಕು. ‘ಬೇಡ’ ಎಂದ ಮಗು ಆ ಹೊತ್ತಿನಲ್ಲಿ ಏನು ಮಾಡುತ್ತದೆ ಎಂದೂ ಯೋಚಿಸಿ. ಅದನ್ನು ಎಲ್ಲರೆದುರು ಹೊರಗೆ ಕಳಿಸಿದರೆ ಸಮ್ಮತಿಗೆ ಅರ್ಥವಿಲ್ಲ. ಖಾಲಿ ಫಾರ್ಮ್ ಮಡಚಿ ಉಳಿದವರಂತೆಯೇ ಪೆಟ್ಟಿಗೆಗೆ ಹಾಕುವ ಅವಕಾಶ ಕೊಡಿ.

ಪ್ರಶ್ನೆ: 10 ಹೇಳಿಕೆಗಳ ಒತ್ತಡ ಮಾಪನಿ (ಪಿಎಸ್ಎಸ್-10) ಬಳಸಿದೆ. ಕ್ರೋನ್‌ಬ್ಯಾಕ್ ಆಲ್ಫಾ 0.41 ಬಂದಿದೆ. ಮಾಪನಿಯೇ ಸರಿಯಿಲ್ಲವೇ?
— ಸಂಶೋಧನಾ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಆಲ್ಫಾ ಎಂದರೆ ಮಾಪನಿಯ ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ. 4, 5, 7, 8ನೆಯ ಹೇಳಿಕೆಗಳ ಅಂಕವನ್ನು ತಿರುಗಿಸಿದ್ದೀರಾ ನೋಡಿ. ಅವು ಧನಾತ್ಮಕ ಹೇಳಿಕೆಗಳು, ಅಲ್ಲಿ ಹೆಚ್ಚು ಅಂಕ ಬಂದಷ್ಟೂ ಒತ್ತಡ ಕಡಿಮೆ. ಅಂಕ 0–4 ಆದ್ದರಿಂದ 4ರಿಂದ ಕಳೆಯಬೇಕು. 1–5 ಎಂದು ಏರಿಸಿದ್ದರೆ 6ರಿಂದ. ಇದೊಂದರಿಂದಲೇ ಆಲ್ಫಾ 0.7ರ ಮೇಲೆ ಹೋದರೆ ಅಲ್ಲಿಗೆ ಮುಗಿಯಿತು. ಹೋಗದಿದ್ದರೆ ಪ್ರತಿ ಹೇಳಿಕೆಗೂ ಉಳಿದವುಗಳ ಮೊತ್ತಕ್ಕೂ ಇರುವ ಸಹಸಂಬಂಧ ನೋಡಿ. ತಿರುಗಿಸಿದ ನಾಲ್ಕೇ ಕೆಳಗಿದ್ದರೆ ಜನ ಹೇಳಿಕೆ ಓದದೆ ಗುರುತು ಹಾಕಿದ್ದಾರೆ, ಅಥವಾ ಅನುವಾದ ಎಡವಿದೆ. ಆಲ್ಫಾ ಏರಿಸಲೆಂದು ಹೇಳಿಕೆಗಳನ್ನು ಒಂದೊಂದಾಗಿ ಕಿತ್ತುಹಾಕಬೇಡಿ, ಆಗ ಬೇರೆಯವರ ಅಂಕಗಳೊಂದಿಗೆ ಹೋಲಿಕೆಯೇ ಆಗದು. ಉಳಿದವರಿಗೂ ಒಂದು ಮಾತು: 0.95 ದಾಟಿದರೆ ಹಿಗ್ಗಬೇಡಿ, ಒಂದೇ ಮಾತನ್ನು ಹಲವು ಸಲ ಕೇಳಿರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಕಬ್ಬು ಬೆಳೆಗಾರರಿಗೆ ಡಿಸೆಂಬರ್‌ನಲ್ಲಿ ಒಮ್ಮೆ, ಜೂನ್‌ನಲ್ಲಿ ಒಮ್ಮೆ ಅದೇ ಮಾಪನಿ ಕೊಟ್ಟೆ. ಅಂಕಗಳು ಹೊಂದುತ್ತಿಲ್ಲ. ವಿಶ್ವಾಸಾರ್ಹತೆ ಇಲ್ಲ ಎಂದು ಬರೆಯಲೇ?
— ಅಥಣಿ

ಉತ್ತರ: ಬರೆಯಬೇಡಿ. ಡಿಸೆಂಬರ್ ಕಬ್ಬು ಕಟಾವಿನ ಕಾಲ: ಗ್ಯಾಂಗ್ ಬರಲಿಲ್ಲ, ಕಾರ್ಖಾನೆಯ ಸರದಿ ಸಿಗಲಿಲ್ಲ ಎಂಬ ಚಿಂತೆ. ಜೂನ್‌ನಲ್ಲಿ ಮಳೆಯ ಚಿಂತೆ, ಬಾಕಿ ಬಿಲ್ಲಿನ ಚಿಂತೆ. ಬದಲಾಗಿದ್ದು ಮನಸ್ಸೋ ಮಾಪನಿಯೋ ಹೇಳಲಾಗದು. ಮರುಪರೀಕ್ಷೆಗೆ 2ರಿಂದ 4 ವಾರಗಳ ಅಂತರ ಇಟ್ಟು, ಅದೇ ಹಂಗಾಮಿನೊಳಗೆ ಮುಗಿಸಿ. ಈಗ ಇರುವ ಎರಡು ಸುತ್ತಿನ ಮಾಹಿತಿ ವ್ಯರ್ಥವಲ್ಲ, ಹಂಗಾಮಿನೊಂದಿಗೆ ಒತ್ತಡ ಹೇಗೆ ಏರಿಳಿಯಿತು ಎಂಬ ಪ್ರಶ್ನೆಗೆ ಅದು ಒದಗುತ್ತದೆ.

ಪ್ರಶ್ನೆ: ಮೊಬೈಲ್ ಬಳಕೆಗೂ ಒತ್ತಡಕ್ಕೂ 0.34 ಸಹಸಂಬಂಧ ಬಂದಿದೆ. ‘ಮೊಬೈಲ್‌ನಿಂದ ಒತ್ತಡ’ ಎಂದು ಶೀರ್ಷಿಕೆ ಕೊಡಬಹುದೇ?
— ಬಿ.ಎ. ಅಂತಿಮ ವರ್ಷ, ಮುದ್ದೇಬಿಹಾಳ

ಉತ್ತರ: ಕೊಡಬಾರದು. ಒತ್ತಡವಿದ್ದವರೇ ಮೊಬೈಲ್ ಹಿಡಿಯುತ್ತಿರಬಹುದು, ನಿದ್ದೆಗೇಡು ಎರಡನ್ನೂ ಹೆಚ್ಚಿಸುತ್ತಿರಬಹುದು. ಎರಡನ್ನೂ ಒಂದೇ ಫಾರ್ಮ್‌ನಲ್ಲಿ, ಒಂದೇ ಕೂತಲ್ಲಿ, ಒಬ್ಬರ ಬಾಯಿಂದಲೇ ಕೇಳಿದಾಗ ಸಹಸಂಬಂಧ ತುಸು ಉಬ್ಬಲೂಬಹುದು. ಮೊಬೈಲ್‌ನ ಸ್ಕ್ರೀನ್ ಟೈಮ್ ಅಂಕಿಯನ್ನು ನೋಡಿ ಬರೆಸಿಕೊಂಡರೆ ಈ ಕೊನೆಯ ದೋಷ ಕಡಿಮೆಯಾಗುತ್ತದೆ. 0.34ರ ವರ್ಗ ಸುಮಾರು 0.12. ಅಂದರೆ ಒತ್ತಡದ ಅಂಕಗಳ ಏರಿಳಿತದಲ್ಲಿ ಶೇ. 12 ಮಾತ್ರ ಮೊಬೈಲ್ ಬಳಕೆಯೊಂದಿಗೆ ಹೊಂದಿಕೊಂಡಿದೆ. ಶೀರ್ಷಿಕೆ ‘ಮೊಬೈಲ್ ಬಳಕೆ ಮತ್ತು ಒತ್ತಡ: ಒಂದು ಸಂಬಂಧದ ಅಧ್ಯಯನ’ ಎಂದಿರಲಿ, ಈ ಶೇ. 12ನ್ನು ಸಾರಾಂಶದಲ್ಲೇ ಬರೆಯಿರಿ.